ಇಗರ್ಜಿಯ ಮಾಡು ಮತ್ತು ಸೌರ ಫಲಕ: ಒಂದು ಔಚಿತ್ಯವಿಚಾರ

ಮುಂಬಯಿಯ ಉಪನಗರಗಳಲ್ಲಿ ಹಳ್ಳಿಯನ್ನು ಅರಸಿ ಹೊರಟವನಿಗೆ ಮೊದಲು ಎದುರಾಗುವುದು ದಾರಿಬದಿಯ ಒಂದು ಶಿಲುಬೆ. 1896ರ ಪ್ಲೇಗಿನ ಕಾಲದಲ್ಲಿ ಊರಿನ ರಕ್ಷಣೆಗೆಂದು ನೆಟ್ಟ ಇಂತಹ ಶಿಲುಬೆಗಳು ಹಳೆಯ ಓಣಿಗಳ ತಿರುವುಗಳಲ್ಲಿ ಇಂದಿಗೂ ನಿಂತಿವೆ. ಶಿಲುಬೆಯನ್ನು ದಾಟಿ ಮುಂದೆ ನಡೆದರೆ ಗಾಂವಠಾಣದ ಇಕ್ಕಟ್ಟಾದ ಮನೆಗಳು, ಒಂದು ಬಾವಿ, ಕೊನೆಯಲ್ಲಿ ಇಗರ್ಜಿ. ಅದರ ಬೆನ್ನಿಗೇ ಮೂವತ್ತು ಅಂತಸ್ತಿನ ಗೋಪುರವೊಂದು ಎದ್ದು ನಿಂತಿರಬಹುದು. ಆದರೂ ಇಗರ್ಜಿಯ ರಚನೆ, ಅದರ ಅಂಗಳ, ಅದರ ಹಬ್ಬ, ಅದನ್ನು ತಮ್ಮದೆಂದು ಬಗೆಯುವ ಮನೆತನಗಳು ಇವೆಲ್ಲವೂ ಗ್ರಾಮದವೇ ಹೊರತು ನಗರದವಲ್ಲ. ಮುಂಬಯಿಯಲ್ಲಿ ಗ್ರಾಮೀಣ ಇಗರ್ಜಿಯೆಂಬ ಮಾತಿಗೆ ಅರ್ಥವಿದೆಯೆ ಎಂದು ಸಂದೇಹಿಸುವವರಿಗೆ ಇಷ್ಟು ಹೇಳಿದರೆ ಸಾಕು: ಇಲ್ಲಿ ಹಳ್ಳಿ ನಗರಕ್ಕೆ ಬಂದುದಲ್ಲ, ನಗರವೇ ಹಳ್ಳಿಯ ಮೇಲೆ ಬಂದು ಕುಳಿತುದು. 1534ರ ವಸಾಯಿಯ ಒಪ್ಪಂದದಿಂದ ಪೋರ್ಚುಗೀಸರ ವಶಕ್ಕೆ ಬಂದು, 1739ರಲ್ಲಿ ಮರಾಠರ ಕೈಸೇರಿದ ಸಾಷ್ಟಿ ದ್ವೀಪದಲ್ಲಿ ಆ ಇನ್ನೂರು ವರ್ಷಗಳ ಅವಧಿಯಲ್ಲಿ ಎದ್ದ ಇಗರ್ಜಿಗಳು ಹಲವು. ಬಾಂದ್ರಾದ ಸಂತ ಆಂದ್ರೇಯರ ಇಗರ್ಜಿಯೂ, ಮಡ್ ದ್ವೀಪದಲ್ಲಿ ಎರಂಗಳ್ ಗ್ರಾಮದ ಕಡಲ ದಂಡೆಯ ಮೇಲಿರುವ ಸಂತ ಬೊನಾವೆಂತುರರ ಇಗರ್ಜಿಯೂ 1575ರ ಕಾಲಕ್ಕೆ ಸೇರಿದುವು.

ಇಂತಹ ಕಟ್ಟಡಗಳ ಮೇಲೆ ಸೌರ ಫಲಕಗಳನ್ನು ಹೊದಿಸಬಹುದೆ, ಹೊದಿಸುವುದಾದರೆ ಹಣ ಯಾರದು, ಎಂಬ ಪ್ರಶ್ನೆಗಳು ಇತ್ತೀಚಿನ ವರ್ಷಗಳಲ್ಲಿ ಧರ್ಮಕೇಂದ್ರಗಳ ಸಭೆಗಳಲ್ಲಿ ಚರ್ಚೆಗೆ ಬರುತ್ತಿವೆ. 2015ರಲ್ಲಿ ಪೋಪ್ ಫ್ರಾನ್ಸಿಸರು ಹೊರಡಿಸಿದ ‘ಲಾವ್ದಾತೊ ಸಿ’ ಎಂಬ ಪರಿಪತ್ರ ಈ ಚರ್ಚೆಗೆ ಬಲ ಕೊಟ್ಟಿತು. ಆ ಹೆಸರು ಅಸಿಸಿಯ ಸಂತ ಫ್ರಾನ್ಸಿಸರ ಸ್ತುತಿಗೀತೆಯಿಂದ ಬಂದುದು. ಸೂರ್ಯನನ್ನು ಅಣ್ಣನೆಂದು ಕರೆದ ಗೀತೆ ಅದು. ಮುಂಬಯಿ ಮಹಾಧರ್ಮಪ್ರಾಂತ್ಯವು ಪರಿಸರಕ್ಕಾಗಿಯೇ ಒಂದು ಕಚೇರಿಯನ್ನು ಇರಿಸಿಕೊಂಡಿದೆ. ಕೆಲವು ಧರ್ಮಕೇಂದ್ರಗಳ ಕಟ್ಟಡಗಳ ಮೇಲೆ ಫಲಕಗಳು ಬಂದೂ ಇವೆ. ಒಂದು ಪಕ್ಷದವರು ಇದನ್ನು ಧರ್ಮಕಾರ್ಯವೆಂದು ಕೊಂಡಾಡುತ್ತಾರೆ. ಇನ್ನೊಂದು ಪಕ್ಷದವರು ಹಳೆಯ ಮುಖಕ್ಕೆ ಹಚ್ಚಿದ ಮಸಿಯೆಂದು ಮೂಗು ಮುರಿಯುತ್ತಾರೆ. ಎರಡು ಪಕ್ಷಗಳೂ ನೋಡುತ್ತಿರುವುದು ಕಟ್ಟಡದ ಹೊರಮೈಯನ್ನು ಮಾತ್ರ. ವಿಚಾರ ಇನ್ನೂ ಸ್ವಲ್ಪ ಒಳಗಿದೆ.

ಮೊದಲು ಧರ್ಮಕಾರ್ಯವೆನ್ನುವವರ ಮಾತನ್ನು ಪರಿಶೀಲಿಸಬೇಕು, ಅದು ಹಗುರವಾದುದಲ್ಲ. ಪಶ್ಚಿಮ ಉಪನಗರಗಳ ಇಗರ್ಜಿಯೊಂದರಲ್ಲಿ ಭಾನುವಾರ ಬೆಳಗ್ಗೆ ದೀಪ ಹತ್ತಿದಾಗ ಆ ಬೆಳಕಿನ ಹಿಂದೆ ಬಹುಕಾಲದಿಂದ ಇರುವುದು ಕಲ್ಲಿದ್ದಲು. ಉಪನಗರಗಳಿಗೆ ವಿದ್ಯುತ್ತನ್ನು ಒದಗಿಸಲು 1929ರಲ್ಲಿ ಸ್ಥಾಪಿತವಾದ ಕಂಪನಿ 1990ರ ದಶಕದಲ್ಲಿ ಡಹಾಣುವಿನಲ್ಲಿ 500 ಮೆಗಾವ್ಯಾಟ್ ಸಾಮರ್ಥ್ಯದ ಉಷ್ಣವಿದ್ಯುತ್ ಕೇಂದ್ರವನ್ನು ಕಟ್ಟಿತು; 2018ರಿಂದ ಆ ಜಾಲವೂ ಆ ಕೇಂದ್ರವೂ ಅದಾನಿ ಸಂಸ್ಥೆಯ ಕೈಯಲ್ಲಿವೆ. ಡಹಾಣುವೆಂದರೆ ಚಿಕ್ಕು ತೋಟಗಳ, ವಾರಲಿ ಜನರ ಸೀಮೆ. ಆ ತಾಲೂಕನ್ನು ಪರಿಸರದೃಷ್ಟಿಯಿಂದ ಸೂಕ್ಷ್ಮವಾದ ಪ್ರದೇಶವೆಂದು ಕೇಂದ್ರ ಸರಕಾರವೇ 1991ರಲ್ಲಿ ಘೋಷಿಸಿತ್ತು. ತನ್ನ ದೀಪಕ್ಕಾಗಿ ಇನ್ನೊಬ್ಬರ ತೋಟದ ಮೇಲೆ ಬೂದಿ ಬೀಳಿಸುವುದು ಸಲ್ಲದೆಂದು ಒಂದು ಭಕ್ತಸಮುದಾಯಕ್ಕೆ ತೋರಿದರೆ, ಅದನ್ನು ಕೇವಲ ಹೊಸತನದ ಹಂಬಲವೆಂದು ತಳ್ಳಿಹಾಕಲಾಗದು.

ಹೊರಮೈಗೆ ಕುಂದಾಗುತ್ತದೆಂಬ ಆಕ್ಷೇಪಕ್ಕೆ ಉತ್ತರವಾಗಿ ಇಗರ್ಜಿಗಳ ಒಳಗನ್ನೇ ಒಮ್ಮೆ ನೋಡಬಹುದು. ವಿದ್ಯುತ್ತೇ ಒಂದು ಕಾಲಕ್ಕೆ ಅಲ್ಲಿಗೆ ಹೊಸಬ. ಮೇಣದ ಬತ್ತಿಗೂ ಎಣ್ಣೆಯ ದೀಪಕ್ಕೂ ಅಳವಡಿಸಿ ಕಟ್ಟಿದ ಗೋಡೆಗಳ ಮೇಲೆ ತಂತಿಯ ಕೊಳವೆಗಳು ಹರಿದಾಡಿದುವು. ಮರದ ತೊಲೆಗಳಿಂದ ಉದ್ದನೆಯ ಸರಳಿನ ಪಂಖಗಳು ಜೋತುಬಿದ್ದುವು. ಕೆತ್ತನೆಯ ಪೀಠದ ಇಕ್ಕೆಲದಲ್ಲಿ ಟ್ಯೂಬ್‌ಲೈಟುಗಳೂ ಕಂಬಕಂಬಕ್ಕೂ ಧ್ವನಿವರ್ಧಕಗಳೂ ಬಂದುವು. ಅಂದು ಯಾರೂ ಪರಂಪರೆಯ ಮಾತೆತ್ತಲಿಲ್ಲ. ಹಬ್ಬದ ರಾತ್ರಿಯಲ್ಲಿ ಇಡೀ ಮುಖಮಂಟಪವನ್ನು ಬಣ್ಣದ ದೀಪಮಾಲೆಗಳಿಂದ ಮುಚ್ಚಿ ಸಂತೋಷಪಡುವವರು, ಮಾಡಿನ ಮೇಲಣ ನಾಲ್ಕು ಕಪ್ಪು ಹಲಗೆಗಳನ್ನು ಕಂಡು ಅಭಿರುಚಿಯ ಮಾತನ್ನಾಡುವುದು ಸ್ವಲ್ಪ ತಡವಾಯಿತೆಂದೇ ಹೇಳಬೇಕು.

ಹಾಗಾದರೆ ಫಲಕಕ್ಕೆ ತಡೆಯಾಗಬಹುದಾದುದು ಯಾವುದು? ನೋಟವಲ್ಲ, ಮಾಡು. ಇಲ್ಲಿ ಕನ್ನಡ ನಾಡಿಗೂ ಮುಂಬಯಿಯ ಇಗರ್ಜಿಗೂ ನಡುವಿನ ಒಂದು ಹಳೆಯ ನಂಟನ್ನು ನೆನೆಯಬೇಕಾಗುತ್ತದೆ. ಈ ಇಗರ್ಜಿಗಳಲ್ಲಿ ಅನೇಕವನ್ನು ಹೊದಿಸಿದ್ದು ಮಂಗಳೂರು ಹೆಂಚು. ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದ ಜೇಡಿಮಣ್ಣನ್ನು ನೆಚ್ಚಿ ಮೊದಲ ಹೆಂಚಿನ ಕಾರಖಾನೆಯನ್ನು ತೆರೆದರು. ಮೂರು ವರ್ಷಗಳೊಳಗೆ ಅಲ್ಬುಕರ್ಕ್ ಮನೆತನದವರ ಕಾರಖಾನೆಯೂ ಆರಂಭವಾಯಿತು. ಅಲ್ಲಿಂದ ಹಾಯಿಹಡಗುಗಳಲ್ಲಿ ಹೇರಿದ ಹೆಂಚು ಪಶ್ಚಿಮ ಕರಾವಳಿಯುದ್ದಕ್ಕೂ ಹರಡಿ ಮುಂಬಯಿಯ ಗೋದಿಗಳಿಗೂ ಬಂದಿತು. ಹೆಂಚಿನ ಹಿಂದೆಯೇ ಮನುಷ್ಯರೂ ಬಂದರು: ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆದು ಓದುವ ಮಂಗಳೂರಿನ ಕ್ರೈಸ್ತರು, ತುಳುವರು, ಹೋಟೆಲುಗಳ ಉಡುಪಿಯವರು. ಬಾಂದ್ರಾದಲ್ಲೋ ಕುರ್ಲಾದಲ್ಲೋ ಇಗರ್ಜಿಯೊಳಗೆ ಮೊಣಕಾಲೂರಿದ ದಕ್ಷಿಣ ಕನ್ನಡದ ವಲಸೆಗಾರನೊಬ್ಬ ತಲೆಯೆತ್ತಿ ನೋಡಿದರೆ ಅವನಿಗೆ ಕಾಣುತ್ತಿದ್ದುದು ತನ್ನ ಊರಿನ ಮಣ್ಣು.

ಗಮನಿಸಬೇಕಾದ ಸಂಗತಿಯೊಂದಿದೆ. ಹದಿನಾರನೆಯ ಶತಮಾನದ ಗೋಡೆಗಳ ಮೇಲೆ ಕುಳಿತ ಈ ಹೆಂಚು ಹದಿನಾರನೆಯ ಶತಮಾನದ್ದಲ್ಲ. ಕುಂಬಾರನ ಕೈಯ ಓಡುಹೆಂಚನ್ನು ಕೆಳಗಿಳಿಸಿ, ಯಂತ್ರದಲ್ಲಿ ಒತ್ತಿ ತೆಗೆದ, ಕಾರಖಾನೆಯ ಮುದ್ರೆಯುಳ್ಳ ಚಪ್ಪಟೆ ಹೆಂಚನ್ನು ಏರಿಸಿದಾಗ ಅದೂ ಒಂದು ನವೀನತೆಯೇ. ಇಂದು ಪರಂಪರೆಯೆಂದು ತೋರುವ ಕೆಂಪು ಮಾಡು ಅಂದಿನ ಕೈಗಾರಿಕೆಯ ಕೊಡುಗೆ. ಆದುದರಿಂದ ಹೊಸದೆಂಬ ಒಂದೇ ಕಾರಣಕ್ಕೆ ಫಲಕವನ್ನು ನಿರಾಕರಿಸುವುದು ನ್ಯಾಯವಾಗದು. ಹೆಂಚು ಹೇಗೆ ಸಲ್ಲುವಂತಾಯಿತೆಂಬುದನ್ನು ವಿಚಾರಿಸಿದರೆ ಫಲಕ ಸಲ್ಲುವುದೋ ಇಲ್ಲವೋ ತಾನಾಗಿ ತಿಳಿಯುತ್ತದೆ.

ಹೆಂಚು ಸಂದುದು ಅದರ ಬಿಡಿತನದಿಂದ. ಪ್ರತಿಯೊಂದು ಹೆಂಚೂ ರೀಪಿನ ಮೇಲೆ ತನ್ನ ಭಾರದಿಂದಲೇ ಕುಳಿತಿರುತ್ತದೆ. ಒಂದನ್ನು ಕೈಯಿಂದ ಎತ್ತಿದರೆ ನೆರೆಯದಕ್ಕೆ ಅಪಾಯವಿಲ್ಲ. ಮಂಗನೋ ತೆಂಗಿನ ಗರಿಯೋ ಒಡೆದುದನ್ನು ಬದಲಿಸಲು ಒಬ್ಬ ಆಳು, ಒಂದು ಏಣಿ ಸಾಕು. ಮೇ ತಿಂಗಳಿನಲ್ಲಿ, ಮುಂಗಾರಿಗೆ ಮೊದಲು, ಮಾಡಿನ ಮೇಲೆ ಹತ್ತಿ ಒಡಕು ಹೆಂಚನ್ನು ತೆಗೆದು, ಸರಿದುದನ್ನು ಕೂರಿಸಿ, ಕಸವನ್ನು ಗುಡಿಸಿ, ಗೆದ್ದಲು ಹಿಡಿದ ರೀಪನ್ನು ಬದಲಿಸಿ ಇಳಿಯುವುದು ಕರಾವಳಿಯ ಎಲ್ಲ ಹೆಂಚಿನ ಮನೆಗಳ ವಾಡಿಕೆ. ವರ್ಷದಲ್ಲಿ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಅದೂ ನಾಲ್ಕೇ ತಿಂಗಳುಗಳಲ್ಲಿ ಸುರಿಯುವ ಮುಂಬಯಿಯಲ್ಲಿ ಈ ವಾಡಿಕೆ ತಪ್ಪಿದರೆ ಎರಡು ಮೂರು ವರ್ಷಗಳಲ್ಲಿ ಪಕ್ಕಾಸುಗಳು ಕೊಳೆಯತೊಡಗುತ್ತವೆ. ಮಂಗಳೂರು ಹೆಂಚಿನ ಮಾಡೆಂದರೆ ವರ್ಷಕ್ಕೊಮ್ಮೆ ಕೈ ಸೋಕಲೇಬೇಕಾದ ಮಾಡು.

ಸೌರ ಫಲಕದ ಸ್ವಭಾವ ಇದಕ್ಕೆ ವಿರುದ್ಧ. ತಯಾರಕರು ಅದಕ್ಕೆ ಸಾಮಾನ್ಯವಾಗಿ 25 ವರ್ಷಗಳ ಭರವಸೆ ಕೊಡುತ್ತಾರೆ. ಧೂಳು ತೊಳೆಯುವುದನ್ನು ಬಿಟ್ಟರೆ ಅಷ್ಟು ಕಾಲವೂ ಅದನ್ನು ಅಲುಗಾಡಿಸಬಾರದು. ಅದನ್ನು ಕೂರಿಸಲು ಹೆಂಚಿನ ಮಧ್ಯೆ ತೂತು ಕೊರೆದು ಅಥವಾ ಹೆಂಚನ್ನು ಸರಿಸಿ ಕೊಕ್ಕೆಗಳನ್ನು ಪಕ್ಕಾಸಿಗೆ ಬಿಗಿಯಬೇಕು. ಆ ಕೊಕ್ಕೆಗಳ ಮೇಲೆ ಅಲ್ಯುಮಿನಿಯಮ್ಮಿನ ಹಳಿ, ಹಳಿಯ ಮೇಲೆ ಫಲಕ, ಫಲಕದ ಕೆಳಗೆ ತಂತಿ. ಒಮ್ಮೆ ಹೀಗೆ ಹೊದಿಸಿದ ಮೇಲೆ ಕೆಳಗಿನ ಹೆಂಚು ಒಡೆದರೆ ಅದನ್ನು ಮುಟ್ಟುವವರಾರು? ನೀರು ಎಲ್ಲಿ ಒಸರುತ್ತಿದೆಯೆಂದು ತಿಳಿಯುವುದು ಒಳಗಿನ ಮರದ ಮಾಳಿಗೆಯಲ್ಲಿ ಕಲೆ ಮೂಡಿದ ಮೇಲೆ. ಭಾರವೇನೋ ದೊಡ್ಡ ಅಡ್ಡಿಯಲ್ಲ. ಚೌಕಟ್ಟೂ ಸೇರಿದಂತೆ ಫಲಕದ ಭಾರ ಹೆಂಚಿನ ಭಾರದ ಅರ್ಧಕ್ಕಿಂತ ಕಡಮೆಯೇ. ಆದರೆ ಎರಡರ ಕಾಲಮಾನಗಳು ಕೂಡಿಬರುವುದಿಲ್ಲ: ಒಂದು ವರ್ಷವರ್ಷವೂ ಮುಟ್ಟಬೇಕಾದುದು, ಇನ್ನೊಂದು ಇಪ್ಪತ್ತೈದು ವರ್ಷ ಮುಟ್ಟಬಾರದುದು. ಎರಂಗಳಿನಂತೆ ಕಡಲಿಗೆ ಎದೆಯೊಡ್ಡಿ ನಿಂತ ಸ್ಥಳದಲ್ಲಿ ಉಪ್ಪುಗಾಳಿ ಬೋಲ್ಟುಗಳನ್ನು ತಿನ್ನುವುದರಿಂದ ಈ ವೈರ ಇನ್ನೂ ಬೇಗ ಪ್ರಕಟವಾಗುತ್ತದೆ.

ಕನ್ನಡ ವ್ಯಾಕರಣವನ್ನು ಬಲ್ಲವರಿಗೆ ಇಲ್ಲಿ ಅರಿಸಮಾಸದ ವಿಚಾರ ನೆನಪಿಗೆ ಬರದಿರದು. ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ಕೂಡಿಸಿ ಸಮಾಸ ಮಾಡುವುದು ದೋಷವೆಂದು ಲಾಕ್ಷಣಿಕರು ವಿಧಿಸಿದರು; ಆದರೂ ಬಿರುದಾವಳಿಗಳಲ್ಲಿಯೂ, ಪೂರ್ವಕವಿಗಳ ಪ್ರಯೋಗವಿದ್ದೆಡೆಯಲ್ಲಿಯೂ ಅದು ಸಲ್ಲುವುದೆಂದು ಕೇಶಿರಾಜನೇ ಎಡೆಗೊಟ್ಟನು. ದೋಷ ಯಾವುದೆಂದರೆ ಎರಡು ಪದಗಳು ಬೇರೆ ಬೇರೆ ಕುಲದವೆಂಬುದಲ್ಲ, ಅವುಗಳ ಬೆಸುಗೆ ಕಿವಿಗೆ ಒಗ್ಗದೆ ಹೋಗುವುದು. ಯಂತ್ರದ ಹೆಂಚೂ ಪೋರ್ಚುಗೀಸ್ ಗೋಡೆಯೂ ಕೂಡಿ ಒಗ್ಗಿದ ಸಮಾಸವಾದುವು, ಏಕೆಂದರೆ ಹೆಂಚು ತಾನು ಕುಳಿತ ಮಾಡಿನ ನಿತ್ಯಕರ್ಮಕ್ಕೆ ತಲೆಬಾಗಿತು. ಹೆಂಚಿನ ಮೇಲಣ ಫಲಕ ಆ ನಿತ್ಯಕರ್ಮವನ್ನೇ ನಿಲ್ಲಿಸುತ್ತದೆ. ಕ್ಷೇಮೇಂದ್ರನು ಕಾವ್ಯಕ್ಕೆ ಜೀವವೆಂದು ಕರೆದ ಔಚಿತ್ಯವನ್ನು ಕಟ್ಟಡಕ್ಕೆ ಅನ್ವಯಿಸುವುದಾದರೆ, ಅದನ್ನು ಅಳೆಯಬೇಕಾದುದು ಬೀದಿಯಲ್ಲಿ ನಿಂತು ನೋಡುವವನ ಕಣ್ಣಿನಿಂದಲ್ಲ, ಮೇ ತಿಂಗಳಲ್ಲಿ ಏಣಿ ಹತ್ತುವವನ ಕೈಯಿಂದ.

ಪರದೇಶದ ನಿದರ್ಶನಗಳನ್ನು ಮುಂದಿಡುವವರು ಸಾಮಾನ್ಯವಾಗಿ ಎರಡನ್ನು ಹೆಸರಿಸುತ್ತಾರೆ. ಎರಡನ್ನೂ ಸರಿಯಾಗಿ ಓದಿಕೊಂಡರೆ ಮೇಲಣ ಮಾತಿಗೇ ಬೆಂಬಲ ದೊರೆಯುತ್ತದೆ. 2008ರಲ್ಲಿ ವ್ಯಾಟಿಕನ್ ನಗರದಲ್ಲಿ ಸುಮಾರು 2,400 ಫಲಕಗಳನ್ನು ಕೂರಿಸಲಾಯಿತು. ಜರ್ಮನಿಯ ಕಂಪನಿಯೊಂದು ಅವನ್ನು ದಾನವಾಗಿ ಕೊಟ್ಟಿತು. ಆದರೆ ಕೂರಿಸಿದ್ದು ಸಂತ ಪೇತ್ರರ ಮಹಾಮಂದಿರದ ಮೇಲಲ್ಲ. ಪಿಯರ್ ಲುಯಿಜಿ ನೆರ್ವಿ ರಚಿಸಿದ, 1971ರಲ್ಲಿ ಮುಗಿದ ಆರನೆಯ ಪೌಲರ ಸಭಾಭವನದ ಮೇಲೆ. ಅಲ್ಲಿದ್ದ ಕಾಂಕ್ರೀಟ್ ಹಲಗೆಗಳ ಸ್ಥಾನದಲ್ಲಿ. ಮುಂದೆ 2024ರಲ್ಲಿ ಇಡೀ ವ್ಯಾಟಿಕನ್ನಿಗೆ ವಿದ್ಯುತ್ತು ಬೇಕೆಂದಾಗ ಪೋಪರು ಯಾವ ಮಂದಿರದ ಕಡೆಗೂ ಕೈ ತೋರಿಸದೆ ರೋಮಿನ ಹೊರವಲಯದ ಸಾಂತಾ ಮರಿಯಾ ದಿ ಗಲೇರಿಯಾದ ಭೂಮಿಯನ್ನು ಆರಿಸಿಕೊಂಡರು. ಎರಡನೆಯದು ಕೇಂಬ್ರಿಜಿನ ಕಿಂಗ್ಸ್ ಕಾಲೇಜಿನ ಪ್ರಾರ್ಥನಾಮಂದಿರ. ಹದಿನೈದನೆಯ ಶತಮಾನದಲ್ಲಿ ಆರಂಭವಾದ ಆ ಕಟ್ಟಡದ ಮೇಲೆ 2023ರಲ್ಲಿ 438 ಫಲಕಗಳು ಬಂದುವು. ಸಂರಕ್ಷಣಾತಜ್ಞರ ಆಕ್ಷೇಪವನ್ನು ಮೀರಿ ನಗರಸಭೆ ಒಪ್ಪಿಗೆ ಕೊಟ್ಟಿತು. ಆದರೆ ಅದಕ್ಕೆ ಸಂದರ್ಭ ಒದಗಿದ್ದು ಹೇಗೆ? ಮಾಡಿನ ಹಳೆಯ ಸೀಸದ ಹೊದಿಕೆಯನ್ನು ತೆಗೆದು ಹೊಸದಾಗಿ ಹೊದಿಸಬೇಕಾಗಿ ಬಂದಿತ್ತು. ಮಾಡಿನ ದುರಸ್ತಿ ಮೊದಲು, ಫಲಕ ಅದರ ಬೆನ್ನಿಗೆ. ಅಲ್ಲದೆ ಸೀಸದ ಹೊದಿಕೆ ಒಮ್ಮೆ ಹಾಸಿದರೆ ತಲೆಮಾರುಗಳ ಕಾಲ ಮುಟ್ಟದೆ ಇರುವಂತಹುದು. ಫಲಕದ ಕಾಲಮಾನಕ್ಕೆ ಅದು ಹೊಂದುತ್ತದೆ. ಎತ್ತರದ ಕೈಪಿಡಿಗೋಡೆ ಫಲಕಗಳನ್ನು ಬಹುಮಟ್ಟಿಗೆ ಮರೆಮಾಡುತ್ತದೆಂಬುದು ಎರಡನೆಯ ಮಾತು. ಮುಂಬಯಿಯ ಇಳಿಜಾರು ಮಾಡಿಗೆ ಸೀಸವೂ ಇಲ್ಲ, ಹೆಚ್ಚಿನ ಕಡೆ ಕೈಪಿಡಿಗೋಡೆಯೂ ಇಲ್ಲ.

ಹೆಂಚಿನ ವೇಷ ಧರಿಸಿದ ಫಲಕಗಳೂ ಈಗ ಬಂದಿವೆ. ಇಟಲಿಯ ಪೊಂಪೆಯ ಅವಶೇಷಗಳಲ್ಲಿ ಪುರಾತನ ಮನೆಯೊಂದರ ಮೇಲೆ ಸುಟ್ಟಮಣ್ಣಿನಂತೆ ತೋರುವ ಇಂತಹ ಹೆಂಚುಗಳನ್ನು ಹಾಸಿದ್ದಾರೆ. ಅವುಗಳ ಉತ್ಪಾದನೆ ಕಡಮೆ, ಬೆಲೆ ಹೆಚ್ಚು. ಅದನ್ನು ಬಿಟ್ಟರೂ, ತಾನಲ್ಲದುದನ್ನು ತಾನೆಂದು ತೋರಿಸುವ ವಸ್ತುವನ್ನು ದೇವರ ಮನೆಯ ಮೇಲೆ ಏರಿಸುವುದಕ್ಕಿಂತ ಕಪ್ಪು ಹಲಗೆಯನ್ನು ಕಪ್ಪು ಹಲಗೆಯಾಗಿಯೇ ಬೇರೊಂದು ಕಡೆ ಇಡುವುದು ಪ್ರಾಮಾಣಿಕ.

ಆ ಬೇರೊಂದು ಕಡೆ ಮುಂಬಯಿಯಲ್ಲಿ ಬಹಳ ದೂರವಿಲ್ಲ. ಇಲ್ಲಿ ಇಗರ್ಜಿಯೆಂಬುದು ಒಂಟಿ ಕಟ್ಟಡವಲ್ಲ, ಒಂದು ಆವರಣ. ಅದರೊಳಗೆ ಪಾದ್ರಿಗಳ ಮನೆ, ಸ್ಮಶಾನ, ಸಭಾಭವನ, ಎಲ್ಲಕ್ಕಿಂತ ಮಿಗಿಲಾಗಿ ಶಾಲೆ. ಇಗರ್ಜಿ ಪುರಾತನ, ಶಾಲೆ ಬಹುಮಟ್ಟಿಗೆ ಕಳೆದ ಶತಮಾನದ ಕಾಂಕ್ರೀಟ್ ಕಟ್ಟಡ. ಅದರ ಚಪ್ಪಟೆ ತಾರಸಿಯ ಮೇಲೆ ನೀರಿನ ತೊಟ್ಟಿಗಳೂ ಮುರಿದ ಬೆಂಚುಗಳೂ ಬಿಸಿಲು ಕಾಯಿಸಿಕೊಳ್ಳುತ್ತಿವೆ. ಒಂದು ಕಿಲೋವ್ಯಾಟಿಗೆ ಸುಮಾರು ನೂರು ಚದರಡಿ ಜಾಗ ಸಾಕೆಂಬ ಲೆಕ್ಕದಲ್ಲಿ ಸಾವಿರ ಚದರಡಿ ತಾರಸಿ ಹತ್ತು ಕಿಲೋವ್ಯಾಟನ್ನು ಹೊರುತ್ತದೆ. ಅಲ್ಲಿ ಫಲಕಗಳನ್ನು ದಕ್ಷಿಣಕ್ಕೆ ಮುಖ ಮಾಡಿ, ಮುಂಬಯಿಯ ಅಕ್ಷಾಂಶಕ್ಕೆ ತಕ್ಕಂತೆ ಹತ್ತೊಂಬತ್ತು ಡಿಗ್ರಿಗಳಷ್ಟು ಓರೆಯಾಗಿ ನಿಲ್ಲಿಸಬಹುದು. ಇಗರ್ಜಿಯ ಮಾಡಿನ ಮೇಲೆ ಈ ಸ್ವಾತಂತ್ರ್ಯವಿಲ್ಲ. ಪೀಠವನ್ನು ಪೂರ್ವಕ್ಕಿರಿಸಿ ಕಟ್ಟಿದ ಇಗರ್ಜಿಯಲ್ಲಿ ಒಂದು ಇಳಿಜಾರು ದಕ್ಷಿಣಕ್ಕೆ ಬೀಳುವುದೇನೋ ನಿಜ. ಆದರೆ ಎಲ್ಲ ಇಗರ್ಜಿಗಳೂ ಆ ನಿಯಮಕ್ಕೆ ಒಳಪಟ್ಟಿಲ್ಲ. ಉಪಯೋಗದ ದೃಷ್ಟಿಯಿಂದಲೂ ಶಾಲೆಯದೇ ಮೇಲುಗೈ. ಇಗರ್ಜಿಗೆ ವಿದ್ಯುತ್ತು ಬೇಕಾಗುವುದು ಭಾನುವಾರ ಮತ್ತು ಸಂಜೆಗಳಲ್ಲಿ. ಶಾಲೆಗೆ ಬೇಕಾಗುವುದು ಸೂರ್ಯನು ನೆತ್ತಿಯ ಮೇಲಿರುವ ಹೊತ್ತಿನಲ್ಲಿ.

ಹೆಚ್ಚಾದುದನ್ನು ಜಾಲಕ್ಕೆ ಕೊಟ್ಟು ಬೇಕಾದಾಗ ಹಿಂತೆಗೆದುಕೊಳ್ಳುವ ನೆಟ್ ಮೀಟರಿಂಗ್ ಪದ್ಧತಿಗೆ ಮಹಾರಾಷ್ಟ್ರದ ವಿದ್ಯುತ್ ನಿಯಂತ್ರಣ ಆಯೋಗ 2015ರಲ್ಲಿ ನಿಯಮಗಳನ್ನು ಮಾಡಿ 2019ರಲ್ಲಿ ಅವನ್ನು ಹೊಸದಾಗಿ ರಚಿಸಿತು. ಇದರಿಂದ ಭಾನುವಾರದ ಬಿಸಿಲನ್ನು ಸೋಮವಾರಕ್ಕೆ ಕಾದಿಡಬಹುದಾಯಿತು. ಶಾಲೆಗೂ ಇಗರ್ಜಿಗೂ ಮೀಟರುಗಳು ಬೇರೆಯಾಗಿದ್ದರೆ ಲೆಕ್ಕವೂ ಬೇರೆಯೆಂಬ ತೊಡಕು ಮಾತ್ರ ಉಳಿಯುತ್ತದೆ. ಅದನ್ನು ಬಿಡಿಸಬೇಕಾದವರು ಲೆಕ್ಕಿಗರು, ಬಡಗಿಗಳಲ್ಲ.

ಇನ್ನು ಹಣ. ವಿಚಾರ ನಿಜವಾಗಿ ಗಂಭೀರವಾಗುವುದು ಇಲ್ಲಿಯೇ. 2015ರ ಡಿಸೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ 5,000 ಕೋಟಿ ರೂಪಾಯಿಗಳ ಮೇಲ್ಛಾವಣಿ ಯೋಜನೆಯಲ್ಲಿ ವಾಸದ ಮನೆಗಳಿಗಲ್ಲದೆ ಸಂಸ್ಥೆಗಳಿಗೂ ಸಾಮಾಜಿಕ ಸೇವಾಕ್ಷೇತ್ರಕ್ಕೂ ವೆಚ್ಚದ ಶೇಕಡಾ 30ರಷ್ಟು ಸಹಾಯಧನವಿತ್ತು. 2019ರ ಎರಡನೆಯ ಘಟ್ಟದಲ್ಲಿ ಸಹಾಯಧನವನ್ನು ವಾಸದ ಮನೆಗಳಿಗೆ ಸೀಮಿತಗೊಳಿಸಲಾಯಿತು. 2024ರಲ್ಲಿ ಬಂದ ‘ಸೂರ್ಯ ಘರ್’ ಯೋಜನೆಯ ಗರಿಷ್ಠ 78,000 ರೂಪಾಯಿಗಳೂ ಮನೆಗಳಿಗೇ ಮೀಸಲು. ಆದುದರಿಂದ ಶಾಲೆಯಾಗಲಿ ಇಗರ್ಜಿಯಾಗಲಿ ಪೂರ್ಣ ಬೆಲೆಯನ್ನು ತಾನೇ ತೆರಬೇಕು. ಕಿಲೋವ್ಯಾಟಿಗೆ 50,000ದಿಂದ 60,000 ರೂಪಾಯಿಯೆಂದು ಹಿಡಿದರೆ ಹತ್ತು ಕಿಲೋವ್ಯಾಟಿಗೆ ಐದಾರು ಲಕ್ಷ. ಅದು ವರ್ಷಕ್ಕೆ ಸುಮಾರು 13,000 ಯೂನಿಟ್ ಕೊಡುತ್ತದೆ. ಯೂನಿಟ್ಟಿಗೆ ಎಂಟು ರೂಪಾಯಿ ಉಳಿಯಿತೆಂದು ಇಟ್ಟುಕೊಂಡರೆ ವರ್ಷಕ್ಕೆ ಒಂದು ಲಕ್ಷಕ್ಕೆ ಮೇಲೆ. ಐದಾರು ವರ್ಷಗಳಲ್ಲಿ ಹಾಕಿದ ಹಣ ಮರಳುತ್ತದೆ. ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಇನ್ವರ್ಟರನ್ನು ಬದಲಿಸುವ ಖರ್ಚನ್ನು ಕಳೆದರೂ ಲಾಭದಾಯಕವಾದ ವ್ಯವಹಾರವೇ.

ಲಾಭದಾಯಕವಾದುದಕ್ಕೆ ದಾನವೇಕೆ ಬೇಕು? ಈ ಪ್ರಶ್ನೆಯನ್ನು ಧರ್ಮಕೇಂದ್ರಗಳಲ್ಲಿ ಕೇಳುವವರು ವಿರಳ. ತನ್ನ ಹಣವನ್ನು ತಾನೇ ಹಿಂತಿರುಗಿಸುವ ವಸ್ತುವಿಗೆ ಸಾಲ ತಕ್ಕುದು. ಹಿಂತಿರುಗಿಸದ ವಸ್ತುವಿಗೆ ದಾನ ತಕ್ಕುದು. ಕರ್ನಾಟಕದಲ್ಲಿ ಈ ಪಾಠ ಹಳೆಯದು. 1995ರಲ್ಲಿ ಹರೀಶ್ ಹಂದೆಯವರು ಬೆಂಗಳೂರಿನಲ್ಲಿ ಜೊತೆಗಾರರೊಡನೆ ಆರಂಭಿಸಿದ ಸೆಲ್ಕೋ ಸಂಸ್ಥೆ ಗ್ರಾಮೀಣ ಬ್ಯಾಂಕುಗಳನ್ನು ಒಲಿಸಿ, ಬಡ ಕುಟುಂಬಗಳಿಗೆ ಸೌರದೀಪವನ್ನು ಸಾಲದ ಮೇಲೆ, ಅವರ ಸಂಪಾದನೆಗೆ ಹೊಂದುವ ಕಂತುಗಳಲ್ಲಿ ಒದಗಿಸಿತು. ಕೂಲಿಯವನೊಬ್ಬ ಕಂತು ಕಟ್ಟಿ ದೀಪವನ್ನು ತನ್ನದಾಗಿಸಿಕೊಳ್ಳಬಲ್ಲನಾದರೆ, ಶುಲ್ಕದ ಆದಾಯವಿರುವ ನಗರದ ಶಾಲೆಯೊಂದು ಫಲಕಕ್ಕಾಗಿ ಭಕ್ತರ ಮುಂದೆ ತಟ್ಟೆ ಹಿಡಿಯುವುದು ವಿಚಿತ್ರ. ಬಂಡವಾಳವನ್ನು ಹೊರಗಿನ ಕಂಪನಿಯೇ ಹೂಡಿ, ಉತ್ಪನ್ನವಾದ ವಿದ್ಯುತ್ತನ್ನು ಕಡಮೆ ದರಕ್ಕೆ ಮಾರುವ ಒಪ್ಪಂದಗಳೂ ಬಳಕೆಯಲ್ಲಿವೆ. ಇವುಗಳ ಅವಧಿ ಹೆಚ್ಚಾಗಿ 25 ವರ್ಷ. ಶಾಲೆಯ ತಾರಸಿಯ ಮೇಲೆ ಅಂತಹ ಒಪ್ಪಂದ ನಿರಪಾಯ. ಪುರಾತನ ಇಗರ್ಜಿಯ ಮಾಡಿನ ಮೇಲೆ ಅದನ್ನು ಮಾಡಿಕೊಂಡರೆ ಒಂದು ತಲೆಮಾರಿನ ಕಾಲ ಸ್ವಂತ ಮಾಡನ್ನು ದುರಸ್ತಿ ಮಾಡಲು ಪರರ ಅಪ್ಪಣೆ ಬೇಡಿದಂತಾಗುತ್ತದೆ.

ದಾನ ಬೇಕಾಗಿರುವುದು ಮಾಡಿಗೆ. ಹೊಸ ರೀಪು, ಹೊಸ ಪಕ್ಕಾಸು, ಗೆದ್ದಲಿನ ಔಷಧಿ, ಏಣಿ ಹತ್ತುವವನ ಕೂಲಿ ಇವು ಯಾವುವೂ ಹಣವನ್ನು ಹಿಂತಿರುಗಿಸುವುದಿಲ್ಲ. ದುರ್ದೈವದಿಂದ ಇವುಗಳ ಮೇಲೆ ದಾನಿಯ ಹೆಸರನ್ನು ಕೆತ್ತಲೂ ಆಗುವುದಿಲ್ಲ. ಗಂಟೆಗೆ, ಪ್ರತಿಮೆಗೆ, ಸೌರ ಫಲಕಕ್ಕೆ ಅಮೃತಶಿಲೆಯ ಒಂದು ಚೌಕ ಸಿಕ್ಕುತ್ತದೆ. ಬದಲಿಸಿದ ಮುನ್ನೂರು ಹೆಂಚುಗಳಿಗೆ ಯಾವ ಚೌಕ? ಹೀಗಾಗಿ ಸೋರುವ ಮಾಡಿನ ಮೇಲೆ ಹೊಳೆಯುವ ಫಲಕ ಬಂದು ಕೂರುವ ಸಂಭವ ನಿಜವಾದುದು. ಸರಕಾರದ ಕಾನೂನು ಈ ವಿಷಯದಲ್ಲಿ ದಾನಿಗಿಂತ ವಿವೇಕ ತೋರಿಸಿದೆ: 1961ರ ಆದಾಯತೆರಿಗೆ ಕಾಯಿದೆಯ 80-ಜಿ ವಿಭಾಗವು, ಐತಿಹಾಸಿಕವೆಂದೋ ಕಲಾತ್ಮಕವೆಂದೋ ಕೇಂದ್ರ ಸರಕಾರ ಪ್ರಕಟಿಸಿದ ಗುಡಿ, ಮಸೀದಿ, ಗುರುದ್ವಾರ, ಇಗರ್ಜಿಗಳ ದುರಸ್ತಿಗೆ ಮತ್ತು ಜೀರ್ಣೋದ್ಧಾರಕ್ಕೆ ಕೊಟ್ಟ ದಾನಕ್ಕೆ ರಿಯಾಯಿತಿಯನ್ನು ಕಲ್ಪಿಸಿತು. ಫಲಕವನ್ನು ದುರಸ್ತಿಯೆಂದು ಕರೆಯುವುದು ಕಷ್ಟ. ಪಕ್ಕಾಸನ್ನು ಕರೆಯಲು ಯಾವ ಕಷ್ಟವೂ ಇಲ್ಲ. ಮುಂಬಯಿ ತಾನೂ 1995ರಲ್ಲಿ ಪರಂಪರೆಯ ಕಟ್ಟಡಗಳಿಗೆ ನಿಯಮಾವಳಿಯನ್ನು ತಂದು, ಶ್ರೇಣಿಗಳನ್ನು ಗೊತ್ತುಮಾಡಿ, ಅವುಗಳ ಬದಲಾವಣೆಗೆ ಸಲಹಾ ಸಮಿತಿಯ ಒಪ್ಪಿಗೆಯನ್ನು ಅಗತ್ಯವಾಗಿಸಿತು. ಬದಲಾವಣೆಯನ್ನು ತಡೆಯುವುದಕ್ಕೆ ಸಮಿತಿಯಿದೆ. ಹೆಂಚು ಕೊಳ್ಳುವುದಕ್ಕೆ ನಿಧಿಯಿಲ್ಲ.

ಶಾಲೆಯ ತಾರಸಿಯೇ ಪರಿಹಾರವೆಂದ ಮೇಲೂ ಒಂದು ಭಯ ಉಳಿಯುತ್ತದೆ. ಗಾಂವಠಾಣಗಳ ಅಂಚಿನಲ್ಲಿ ಹಳೆಯ ಚಾಳುಗಳನ್ನು ಕೆಡವಿ ಗೋಪುರಗಳು ಏಳುತ್ತಿವೆ. ಇಂದು ಹತ್ತು ಕಿಲೋವ್ಯಾಟ್ ಕೊಡುವ ತಾರಸಿಯ ಮೇಲೆ ಐದು ವರ್ಷಗಳ ಅನಂತರ ಮಧ್ಯಾಹ್ನ ಎರಡು ಗಂಟೆಗೇ ನೆರಳು ಬೀಳಬಹುದು. ಒಂದು ಫಲಕದ ಮೇಲೆ ಬಿದ್ದ ನೆರಳು ಅದರ ಸಾಲಿನ ಉತ್ಪಾದನೆಯನ್ನೂ ಕುಗ್ಗಿಸುತ್ತದೆ. ಸಹಾಯಧನ, ಸಾಲ, ದಾನ ಯಾವುದರಿಂದಲೂ ಕೊಳ್ಳಲಾಗದ ಸರಕು ಬಿಸಿಲು. ಇಗರ್ಜಿಯ ಅಂಗಳದ ಬಿಸಿಲನ್ನು ಉಳಿಸಿಕೊಳ್ಳುವ ಹೋರಾಟವೂ ಗಾಂವಠಾಣವನ್ನು ಉಳಿಸಿಕೊಳ್ಳುವ ಹೋರಾಟವೂ ಒಂದೇ ಎಂಬುದನ್ನು ಫಲಕದ ಲೆಕ್ಕಾಚಾರ ಅನಿರೀಕ್ಷಿತವಾಗಿ ತೋರಿಸಿಕೊಡುತ್ತದೆ.

ಒಂದು ಪೂರ್ವಪಕ್ಷವನ್ನು ಇನ್ನೂ ಎದುರಿಸಬೇಕಾಗಿದೆ. ಫಲಕವು ಇಗರ್ಜಿಯ ಮೇಲೆಯೇ, ಎಲ್ಲರ ಕಣ್ಣಿಗೆ ಬೀಳುವಂತೆಯೇ ಇರಬೇಕು; ಅದು ಕೇವಲ ಯಂತ್ರವಲ್ಲ, ಉಪದೇಶ; ಶಾಲೆಯ ತಾರಸಿಯಲ್ಲಿ ಅವಿತರೆ ಉಪದೇಶ ನಷ್ಟವಾಗುತ್ತದೆ ಎಂದು ಕೆಲವರು ವಾದಿಸುತ್ತಾರೆ. ಇದು ವಾಚ್ಯವನ್ನೇ ಕಾವ್ಯವೆಂದು ತಿಳಿಯುವವರ ವಾದ. ಹೇಳಬೇಕಾದುದನ್ನು ಹಲಗೆಯ ಮೇಲೆ ಬರೆದು ತಲೆಯ ಮೇಲೆ ಹೊತ್ತರೆ ಅದು ಜಾಹೀರಾತಾಗುತ್ತದೆ. ಉಪದೇಶವೇ ಬೇಕಾದರೆ ಅದನ್ನು ಕಲಿಯುವ ವಯಸ್ಸಿನ ಮಕ್ಕಳು ಇರುವುದು ಶಾಲೆಯಲ್ಲಿ. ತಮ್ಮ ತರಗತಿಯ ಪಂಖ ಯಾವ ಬಿಸಿಲಿನಿಂದ ತಿರುಗುತ್ತಿದೆಯೆಂದು ಮೀಟರನ್ನು ಓದಿ ತಿಳಿಯಬಲ್ಲವರು ಅವರೇ.

ಎಲ್ಲ ಇಗರ್ಜಿಗಳಿಗೂ ಈ ನಿರ್ಣಯ ಅನ್ವಯಿಸುತ್ತದೆಯೆಂದಲ್ಲ. ಮಾಹಿಮಿನ ಸಂತ ಮೈಕೇಲರ ಇಗರ್ಜಿಯ ಮೂಲ ಹದಿನಾರನೆಯ ಶತಮಾನದ್ದಾದರೂ ಇಂದಿನ ಕಟ್ಟಡ 1973ರದು. ಅಂತಹ ಕಡೆಗಳಲ್ಲಿ ಫಲಕಕ್ಕೆ ತಾತ್ತ್ವಿಕವಾದ ಅಡ್ಡಿಯಿಲ್ಲ. ಆದರೆ ಹೊಸದೆಲ್ಲವೂ ಫಲಕಕ್ಕೆ ತಕ್ಕುದೆಂದೂ ತಿಳಿಯಬಾರದು. 1596ರಲ್ಲಿ ಸ್ಥಾಪಿತವಾದ ದಾದರಿನ ಇಗರ್ಜಿಯನ್ನು 1970ರ ದಶಕದಲ್ಲಿ ಚಾರ್ಲ್ಸ್ ಕೊರಿಯ ಹೊಸದಾಗಿ ರಚಿಸಿದಾಗ ಕಾಂಕ್ರೀಟ್ ಚಿಪ್ಪುಗಳ ಮಾಡನ್ನೇ ಕೃತಿಯ ಪ್ರಧಾನ ಮಾತನ್ನಾಗಿ ಮಾಡಿದರು. ಆ ಚಿಪ್ಪುಗಳ ಮೇಲೆ ಫಲಕ ಹೊದಿಸಿದರೆ ಎರಂಗಳಿನಲ್ಲಿ ಆಗುವುದಕ್ಕಿಂತ ಹೆಚ್ಚಿನ ಹಾನಿಯಾದೀತು. ಕಟ್ಟಡದ ವಯಸ್ಸು ಇಲ್ಲಿ ಅಳತೆಗೋಲಲ್ಲ.

ಮಾಡಿಲ್ಲದ ಇಗರ್ಜಿಯೊಂದನ್ನು ನೋಡಬೇಕೆನ್ನುವವರು ಅಂಧೇರಿಯ ಸೀಪ್ಜ್ ಆವರಣಕ್ಕೆ ಹೋಗಬೇಕು. 1579ರಲ್ಲಿ ಕಟ್ಟಿದ ಸ್ನಾನಿಕ ಯೊವಾನ್ನರ ಇಗರ್ಜಿಯನ್ನು 1840ರಲ್ಲಿ ಸಾಂಕ್ರಾಮಿಕ ರೋಗಕ್ಕೆ ಹೆದರಿದ ಜನ ಬಿಟ್ಟು ಮರೋಳಿಗೆ ಹೋದರು. ಅಂದಿನಿಂದ ಏಣಿ ಹತ್ತುವವರಿಲ್ಲದೆ ಮಾಡು ಹೋಯಿತು. ಮಾಡು ಹೋದ ಮೇಲೆ ಗೋಡೆಗಳ ಮೇಲೆ ಮರಗಳು ಬೆಳೆದುವು. 1973ರಲ್ಲಿ ಅದರ ಸುತ್ತಲೂ ವಿದ್ಯುನ್ಮಾನ ವಸ್ತುಗಳ ರಫ್ತು ವಲಯದ ಬೇಲಿ ಬಿದ್ದಿತು. ವರ್ಷಕ್ಕೊಮ್ಮೆ ಹಬ್ಬದ ದಿನ ಅಲ್ಲಿ ಬಲಿಪೂಜೆ ನಡೆಯುತ್ತದೆ, ತೆರೆದ ಆಕಾಶದ ಕೆಳಗೆ.

ಉಳಿದಿರುವ ಮಾಡುಗಳಿಗೆ ಹೆಂಚು ಒದಗಿಸುವುದೂ ಸುಲಭವಾಗಿ ಉಳಿದಿಲ್ಲ. ಮಂಗಳೂರಿನ ಕಾರಖಾನೆಗಳಲ್ಲಿ ಅನೇಕ ಬಾಗಿಲು ಮುಚ್ಚಿವೆ. ಹಳೆಯ ಅಚ್ಚಿನ ಹೆಂಚಿಗೆ ಹೊಸ ಅಚ್ಚಿನದು ಕೂರುವುದಿಲ್ಲ. ಇತ್ತ ಗಾಂವಠಾಣಗಳಲ್ಲಿ ಹಳೆಯ ಮನೆಗಳನ್ನು ಕೆಡವುವಾಗ ಅದೇ ಅಚ್ಚಿನ ಗಟ್ಟಿ ಹೆಂಚುಗಳು ಲಾರಿಗಟ್ಟಲೆ ಮಣ್ಣುಗುಂಡಿಗಳಿಗೆ ಹೋಗುತ್ತಿವೆ. ಅವನ್ನು ಆರಿಸಿ ತಂದು, ಮುದ್ರೆ ನೋಡಿ ವಿಂಗಡಿಸಿ, ಶಾಲೆಯ ತಾರಸಿಯ ಫಲಕಗಳ ಕೆಳಗಣ ನೆರಳಿನಲ್ಲಿ ಜೋಡಿಸಿಡಲು ದೊಡ್ಡ ನಿಧಿಯೇನೂ ಬೇಕಾಗದು.